ಬಾಳುವ ಬೆಲ್ಟಿಗೆ ಬೆನ್ನಿನ ಚರ್ಮ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಒಣಬಯಲಿನಲ್ಲಿ ಹಳದಿ ಹೂವರಳಿಸಿ ನಿಲ್ಲುವ ಗಿಡ ತಂಗಡಿ. ಆವರಿಕೆಯೆಂದೂ ಅದರ ಹೆಸರು. ಅದರ ತೊಗಟೆಯ ಒಗರು ಹಸಿದೊಗಲನ್ನು ಕೊಳೆಯದಂತೆ ಹದಗೊಳಿಸುತ್ತದೆ. ದಕ್ಷಿಣ ಭಾರತದ ಚರ್ಮಕುಶಲಿಗಳು ಬಹುಕಾಲ ನೆಚ್ಚಿದ್ದುದು ಇದನ್ನೇ. ಹೀಗೆ ತೊಗಟೆಯಿಂದ ಹದಗೊಂಡ ಚರ್ಮ ಗಡುಸು; ಬೆಲ್ಟಿಗೂ ಪಿಸ್ತೂಲಿನ ಒರೆಗೂ ಅದೇ ಲೇಸು. ಕ್ರೋಮಿಯಂ ಲವಣದಲ್ಲಿ ಹದವಾದ ಮೃದು ಚರ್ಮ ಬೂಟಿನ ಮೇಲ್ಭಾಗಕ್ಕೆ ಒಪ್ಪುವುದಾದರೂ ಬೆಲ್ಟಾದಾಗ ಹಿಗ್ಗುವುದುಂಟು.

ಪಟ್ಟಿಯನ್ನು ಬೆನ್ನಿನ ಭಾಗದಿಂದ ಉದ್ದುದ್ದಕ್ಕೆ ಕತ್ತರಿಸಬೇಕು. ಹೊಟ್ಟೆಯ ಚರ್ಮ ಅಗ್ಗ, ಎಳೆದಂತೆಲ್ಲ ಜಗ್ಗುವುದು. ಅಳತೆಗೆ ಹಳೆಯ ಬೆಲ್ಟೇ ಸಾಕು: ಬಕಲಿನಿಂದ ನಿತ್ಯ ಬಳಸುವ ರಂಧ್ರದವರೆಗಿನ ಉದ್ದವನ್ನು ಹಿಡಿದು, ಹೊಸ ಬೆಲ್ಟಿನ ಐದು ರಂಧ್ರಗಳಲ್ಲಿ ನಡುವಿನದನ್ನು ಅಲ್ಲಿಗೆ ಹಾಕಬೇಕು.

ಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲಿಯೂ ಎರಡನ್ನೂ ಎದುರುಬದುರಾಗಿ ಹಾಯಿಸಿ ಹೊಲಿದರೆ, ಒಂದು ಹೊಲಿಗೆ ಹರಿದರೂ ಉಳಿದವು ಬಿಚ್ಚಿಕೊಳ್ಳವು.

ಒರೆಯಾದರೆ, ಹೊಲಿದ ಮೇಲೆ ನೀರಿನಲ್ಲಿ ನೆನೆಸಿ, ಒಳಗೆ ಮರದ ಅಚ್ಚಿಟ್ಟು, ಬೆರಳಿನಿಂದ ಒತ್ತಿ ಆಕಾರ ಕೊಟ್ಟು ನೆರಳಿನಲ್ಲಿ ಒಣಗಿಸಬೇಕು; ಉರಿಬಿಸಿಲಿನಲ್ಲಿ ಚರ್ಮ ಬಿರಿಯುವುದು. ಆಯುಧವನ್ನು ತಿಂಗಳುಗಟ್ಟಲೆ ಒರೆಯಲ್ಲಿಯೇ ಬಿಟ್ಟರೆ ಚರ್ಮ ಹೀರಿದ ತೇವದಿಂದ ತುಕ್ಕು ತಪ್ಪದು.

ಕೊಳ್ಳುವವರು ಹೊಳಪನ್ನಲ್ಲ, ಕತ್ತರಿಸಿದ ಅಂಚನ್ನು ನೋಡಲಿ. ಅಲ್ಲಿ ನಾರು ಒಂದೇ ಸಮನಾಗಿದ್ದರೆ ಚರ್ಮ. ರಟ್ಟು, ಬಟ್ಟೆಗಳ ಪದರ ಕಂಡರೆ ತೆತ್ತ ಹಣ ಬಣ್ಣಕ್ಕೆ ಮಾತ್ರ.