ಕುಡಿತ ಬಿಟ್ಟವರ ಸಭೆ: ಹುಡುಕುವುದು ಹೇಗೆ?

ನಂಜನಗೂಡಿನದೋ, ತಿರುಮಕೂಡಲು ನರಸೀಪುರದ್ದೋ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ಹತ್ತು ವರ್ಷಗಳ ಕುಡಿತ. ಮಗಳು ಪಿ.ಯು.ಸಿ. ವಿದ್ಯಾರ್ಥಿನಿ. ಸೋಮವಾರ ಬೆಳಿಗ್ಗೆ ತಂದೆ ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ಎದುರು ಕೈಮುಗಿದು, ಇನ್ನು ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ. ರಾತ್ರಿ ನಿದ್ದೆ ಇಲ್ಲ. ಮಂಗಳವಾರ ಕಾಫಿ ಲೋಟ ಹಿಡಿಯಲಾರದಷ್ಟು ಕೈ ನಡುಕ. ನೋಡಲಾರದೆ ಮನೆಯವರೇ ಒಂದು ಪ್ಯಾಕೆಟ್ ತರಿಸಿಕೊಡುತ್ತಾರೆ. ನಡುಕ ನಿಲ್ಲುತ್ತದೆ, ಪ್ರಮಾಣವೂ ಅಲ್ಲಿಗೆ ಮುಗಿಯುತ್ತದೆ. ಅಪ್ಪನಿಗೆ ಮನಸ್ಸಿಲ್ಲ ಎಂದು ಮಗಳು ತೀರ್ಮಾನಿಸುತ್ತಾಳೆ.

ಮನಸ್ಸು ಇತ್ತು. ಇಲ್ಲದಿದ್ದುದು ಎರಡು: ವೈದ್ಯರ ನೆರವು ಮತ್ತು ಜೊತೆಗಾರರು.

ಮೊದಲು ವೈದ್ಯರ ಮಾತು. ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ದಿನವೂ ಕುಡಿಯುವವರ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ. ಕುಡಿತ ನಿಂತ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಾಣಿಸತೊಡಗುತ್ತದೆ. ಇದು ಪ್ರಾಣಾಪಾಯದ ಸ್ಥಿತಿ. ಆದ್ದರಿಂದ ಬಹುಕಾಲದಿಂದ ದಿನವೂ ಕುಡಿಯುತ್ತಿರುವವರು ವೈದ್ಯರನ್ನು ಕಂಡೇ ಬಿಡಬೇಕು. ಫಿಟ್ಸ್ ಅಥವಾ ಸನ್ನಿ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ.

ಔಷಧ ಕೆಲವೇ ದಿನಗಳಲ್ಲಿ ನಡುಕವನ್ನು ನಿಲ್ಲಿಸುತ್ತದೆ. ಆದರೆ ಸಂಜೆ ಕೂಲಿ ಕೈಗೆ ಬಂದಾಗ, ಮದುವೆಮನೆಯಲ್ಲಿ, ಜಾತ್ರೆಯಲ್ಲಿ ಹಳೆಯ ಆಸೆ ತಲೆಯೆತ್ತುತ್ತದೆ. ಆಗ ಬೇಕಾಗುವುದು ಜೊತೆಗಾರರು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥರೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಭೇಟಿಯಾದರು. ಇಬ್ಬರೂ ಕುಡಿತಕ್ಕೆ ಸಿಕ್ಕಿ ನಲುಗಿದವರು. ಉಪದೇಶಕ್ಕೆ ಬಗ್ಗದ ಆಸೆ, ತನ್ನಂತೆಯೇ ನೊಂದವನೊಡನೆ ಮಾತನಾಡಿದಾಗ ಹಿಡಿತಕ್ಕೆ ಬರುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಅಲ್ಲಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ.

ಈ ಸಭೆಗೆ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಅಲ್ಲಿ ಕೇಳಿದ್ದನ್ನು, ಕಂಡವರ ಹೆಸರನ್ನು ಹೊರಗೆ ಹೇಳುವಂತಿಲ್ಲ. ಒಬ್ಬರಾದ ಮೇಲೆ ಒಬ್ಬರು ತಮ್ಮ ಕಥೆ ಹೇಳುತ್ತಾರೆ. ಸುಮ್ಮನೆ ಕುಳಿತು ಕೇಳಿದರೂ ಸರಿಯೆ. ಜೀವನಪರ್ಯಂತದ ಪ್ರಮಾಣ ಯಾರೂ ಕೇಳುವುದಿಲ್ಲ. ಇಂದು ಒಂದು ದಿನ ಕುಡಿಯದಿದ್ದರೆ ಸಾಕು. ಇದು ಬರಿಯ ನಂಬಿಕೆಯಲ್ಲ. 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ 2020ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಎ.ಎ. ಸಭೆಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸಾವಿಧಾನವು, ಕುಡಿಯದೆ ಮುಂದುವರಿಯುವುದರಲ್ಲಿ ಇತರ ವಿಧಾನಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂದು ಅದು ಹೇಳಿತು.

ನಮ್ಮ ನಾಡಿನಲ್ಲೂ ಇಂತಹದೇ ಒಂದು ದಾರಿ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಸೇರಿ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಸರಿ, ಹುಡುಕುವುದು ಎಲ್ಲಿ? ಮೊದಲನೆಯದು ತಾಲ್ಲೂಕು ಆಸ್ಪತ್ರೆ. ಮನೋವೈದ್ಯರು ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ಯಾವ ದಿನವೆಂದು ವಿಚಾರಿಸಿ. ಎರಡನೆಯದು ದೂರವಾಣಿ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 14416 ಎಂಬುದು 2022ರಲ್ಲಿ ಆರಂಭವಾದ ಟೆಲಿ ಮನಸ್; ಕನ್ನಡದಲ್ಲೇ ಮಾತನಾಡಬಹುದು. ಮೂರನೆಯದು ಮೈಸೂರು. ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಚಿಕಿತ್ಸೆಯ ಜೊತೆಗೆ ಸಭೆಯ ವಿಷಯವನ್ನೂ ಕೇಳಿ.

ಸಭೆಯ ಸುಳಿವು ಸಿಕ್ಕಿದೊಡನೆ ನಾಲ್ಕು ಪ್ರಶ್ನೆ ಕೇಳಬೇಕು. ಯಾವ ವಾರ, ಎಷ್ಟು ಗಂಟೆಗೆ? ಕನ್ನಡದಲ್ಲಿ ನಡೆಯುತ್ತದೆಯೇ? ಮನೆಯವರೂ ಬರಬಹುದಾದ ಮುಕ್ತ ಸಭೆಯೋ, ಕುಡಿತದ ತೊಂದರೆ ಇರುವವರಿಗೇ ಮೀಸಲೋ? ಮುಗಿಯುವ ಹೊತ್ತಿಗೆ ಊರಿಗೆ ಬಸ್ಸಿದೆಯೇ? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ನಂಜನಗೂಡಿಗಾದರೆ ರೈಲೂ ಉಂಟು. ಮೂವತ್ತು ಕಿಲೋಮೀಟರಿನಷ್ಟು ದೂರದ ನರಸೀಪುರಕ್ಕೆ ಬಸ್ಸೇ ಗತಿ. ವೇಳೆ ಹೊಂದದ ಸಭೆಗೆ ಒಮ್ಮೆ ಹೋದವರು ಮತ್ತೆ ಹೋಗುವುದು ಕಷ್ಟ.

ಕುಟುಂಬದವರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ. ಅದು ಹೇಳುವ ಮಾತನ್ನು ಆ ಮಗಳೂ ತಿಳಿಯಬೇಕು: ಅಪ್ಪನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ವಾಸಿಮಾಡುವ ಹೊಣೆಯೂ ನಿನ್ನದಲ್ಲ. ವಿಳಾಸ ಕೇಳಿ ತಿಳಿದುಕೊಳ್ಳುವುದು, ಅವರು ಒಪ್ಪಿದ ದಿನ ಅಮ್ಮನನ್ನೋ ಚಿಕ್ಕಪ್ಪನನ್ನೋ ಜೊತೆಮಾಡಿ ಬಸ್ಸು ಹತ್ತಿಸುವುದು, ಇಷ್ಟು ನಿನ್ನ ಕೈಲಾಗುತ್ತದೆ. ಉಳಿದ ದಾರಿಯನ್ನು ತೋರಿಸಲು ಆ ದಾರಿ ನಡೆದವರು ಅಲ್ಲಿರುತ್ತಾರೆ.