ಸಾಂಗಲಿ-ಮಿರಜದ ಎತ್ತರದ ಕಟ್ಟಡಗಳು: ಉಕ್ಕಿನ ಚೌಕಟ್ಟು ಎಷ್ಟು ಭದ್ರ?

ಮಿರಜ: ಮಕ್ಕಳ ಕಾಲೇಜು, ಹಿರಿಯರ ಆಸ್ಪತ್ರೆ ಎಂದು ಗಡಿ ಭಾಗದ ಹಳ್ಳಿಗಳವರು ಸಾಂಗಲಿ-ಮಿರಜದಲ್ಲಿ ಫ್ಲ್ಯಾಟ್ ಕೊಳ್ಳುವುದು ಹೊಸದೇನಲ್ಲ. ಫ್ಲ್ಯಾಟ್ ತೋರಿಸುವವರು 'ಭರಪೂರ ಸ್ಟೀಲ್ ಹಾಕಿದ್ದೇವೆ' ಎಂದರೆ ಅದಕ್ಕೆ ಎರಡು ಅರ್ಥಗಳಿವೆ. ಹಣ ಕೊಡುವ ಮೊದಲು ಅವೆರಡರ ವ್ಯತ್ಯಾಸ ತಿಳಿದಿರಬೇಕು.

ಕಾಂಕ್ರೀಟಿನ ಒಳಗೆ ಕಬ್ಬಿಣದ ಸಳಿ ಕಟ್ಟಿದರೆ ಅದು ಆರ್‌ಸಿಸಿ. ನಮ್ಮ ಕಡೆಯ ಬಹುತೇಕ ಅಪಾರ್ಟ್‌ಮೆಂಟ್‌ಗಳು ಈ ಬಗೆಯವು. ಉಕ್ಕಿನ ಚೌಕಟ್ಟಿನ ಕಟ್ಟಡವೇ ಬೇರೆ. ಅದರಲ್ಲಿ ಕಂಬ, ತೊಲೆಗಳೇ ಉಕ್ಕಿನವು. ಸಕ್ಕರೆ ಕಾರ್ಖಾನೆಯ ಶೆಡ್ ನೋಡಿದವರಿಗೆ ಇದು ಗೊತ್ತು. ಗರ್ಡರ್‌ಗಳನ್ನು ವರ್ಕ್‌ಶಾಪಿನಲ್ಲಿ ಅಳತೆಗೆ ಕತ್ತರಿಸಿ, ಸ್ಥಳಕ್ಕೆ ತಂದು ಬೋಲ್ಟ್ ಅಥವಾ ವೆಲ್ಡಿಂಗ್‌ನಿಂದ ಜೋಡಿಸುತ್ತಾರೆ. ಮೇಲೆ ತಗಡು ಹಾಸಿ ಕಾಂಕ್ರೀಟ್ ಸುರಿದರೆ ಸ್ಲ್ಯಾಬ್ ಸಿದ್ಧ. 1885ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹತ್ತು ಅಂತಸ್ತಿನ ಕಟ್ಟಡ ಎದ್ದು ನಿಂತದ್ದು ಇಂಥ ಲೋಹದ ಚೌಕಟ್ಟಿನ ಬಲದಿಂದಲೇ.

ಲಾಭವೇನು?

ಉಕ್ಕಿನ ಚೌಕಟ್ಟಿನ ಕಟ್ಟಡ ಹಗುರ. ಆದ್ದರಿಂದ ಅಡಿಪಾಯದ ಮೇಲೆ ಭಾರ ಕಡಿಮೆ. ಕೃಷ್ಣಾ ತೀರದ ಎರೆಮಣ್ಣಿನಲ್ಲಿ ಇದು ಸಣ್ಣ ಮಾತಲ್ಲ. ಭೂಕಂಪದ ಹೊಡೆತವೂ ಕಟ್ಟಡದ ತೂಕಕ್ಕೆ ತಕ್ಕಂತೆ ಇರುತ್ತದೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವನ್ನು ಇಲ್ಲಿನ ಹಿರಿಯರು ಮರೆತಿಲ್ಲ. ಸರಿಯಾಗಿ ಜೋಡಿಸಿದ ಉಕ್ಕು ಬಿದಿರಿನಂತೆ ಬಾಗುತ್ತದೆ, ಮಡಕೆಯಂತೆ ಒಮ್ಮೆಲೇ ಒಡೆಯುವುದಿಲ್ಲ. ಕೆಲಸವೂ ಬೇಗ ಮುಗಿಯುತ್ತದೆ.

ತೊಂದರೆ ಎಲ್ಲಿ?

ಮೊದಲನೆಯದು ನೀರು. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟ 57 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟ 45 ಅಡಿ. 2005 ಮತ್ತು 2021ರಲ್ಲೂ ಊರಿಗೆ ನೀರು ನುಗ್ಗಿತ್ತು. ನೆರೆ ಇಳಿದ ಮೇಲೆ ಕಂಬದ ಬುಡದಲ್ಲಿ ಕೆಸರು ನಿಂತರೆ ಬೋಲ್ಟ್, ಪ್ಲೇಟುಗಳಿಗೆ ತುಕ್ಕು ಹಿಡಿಯುತ್ತದೆ. ಕೆಳಗಿನ ಕಂಬಗಳಿಗೆ ಸತುವಿನ ಲೇಪನ ಅಥವಾ ಕಾಂಕ್ರೀಟ್ ಹೊದಿಕೆ ಬೇಕು, ಕಾಲಕಾಲಕ್ಕೆ ತಪಾಸಣೆಯೂ ಬೇಕು.

ಎರಡನೆಯದು ಬೆಂಕಿ. ಉಕ್ಕು ಉರಿಯುವುದಿಲ್ಲ, ಆದರೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಹೀಗಾಗಿ ಬೆಂಕಿ ತಡೆಯುವ ಬಣ್ಣ, ಪ್ಲಾಸ್ಟರ್ ಅಥವಾ ಕಾಂಕ್ರೀಟ್ ಹೊದಿಕೆ ಇರಲೇಬೇಕು.

ಮೂರನೆಯದು ಕೆಳಗಿನ ಪಾರ್ಕಿಂಗ್. ನೆರೆಗೆ ಹೆದರಿ ನೆಲ ಅಂತಸ್ತನ್ನು ಖಾಲಿ ಬಿಟ್ಟು ಕಂಬಗಳ ಮೇಲೆ ಮನೆ ಕಟ್ಟುವುದು ಸರಿಯೇ. ಆದರೆ ಗೋಡೆಯಿಲ್ಲದ ಆ ಅಂತಸ್ತು ಭೂಕಂಪಕ್ಕೆ ಮೊದಲು ಬಲಿಯಾಗುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಇಂಥ ಅನೇಕ ಆರ್‌ಸಿಸಿ ಅಪಾರ್ಟ್‌ಮೆಂಟ್‌ಗಳು ಕುಸಿದವು. ಉಕ್ಕಿನದಾದರೂ ಈ ದೋಷ ತಾನಾಗಿ ಹೋಗದು. ಕಂಬಗಳ ನಡುವೆ ಓರೆಯಾಗಿ ಉಕ್ಕಿನ ಪಟ್ಟಿ ಬಿಗಿಯಬೇಕು, ಇಲ್ಲವೇ ಗಟ್ಟಿ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು.

ವೆಚ್ಚದ ಮಾತೂ ಇದೆ. ಆರ್‌ಸಿಸಿ ಕೆಲಸ ಬಲ್ಲ ಗವಂಡಿಗಳು ಊರೂರಲ್ಲಿ ಸಿಗುತ್ತಾರೆ. ಉಕ್ಕಿನ ಚೌಕಟ್ಟಿಗೆ ನುರಿತ ವೆಲ್ಡರ್, ಕ್ರೇನ್, ನಿಖರವಾದ ನಕ್ಷೆ ಬೇಕು. ನಾಲ್ಕೈದು ಅಂತಸ್ತಿಗೆ ಆರ್‌ಸಿಸಿಯೇ ಸಾಮಾನ್ಯವಾಗಿ ಅಗ್ಗ. ಎತ್ತರ ಹೆಚ್ಚಿದಂತೆ ಉಕ್ಕಿನ ಲಾಭ ಕಾಣತೊಡಗುತ್ತದೆ.

ಕೊಳ್ಳುವವರು ಏನು ಕೇಳಬೇಕು?

ಜಾಗ ನೆರೆಯ ನೀಲಿ ರೇಖೆ, ಕೆಂಪು ರೇಖೆಗಳ ಒಳಗಿದೆಯೇ? ಚೌಕಟ್ಟು ಆರ್‌ಸಿಸಿಯೋ, ಉಕ್ಕಿನದೋ? ಸ್ಟ್ರಕ್ಚರಲ್ ಎಂಜಿನಿಯರ್ ಯಾರು? ತುಕ್ಕು, ಬೆಂಕಿ ತಡೆಗೆ ಏನು ಮಾಡಿದ್ದಾರೆ? ಪಾರ್ಕಿಂಗ್ ಅಂತಸ್ತಿಗೆ ಓರೆಪಟ್ಟಿ ಅಥವಾ ಗೋಡೆ ಇದೆಯೇ? ಮಹಾರೇರಾ ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ. 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದು ಅದನ್ನು ಬಿಲ್ಡರ್ ಗಮನಕ್ಕೆ ತಂದರೆ, ಆತ ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು. ದೂರನ್ನು ಬರವಣಿಗೆಯಲ್ಲೇ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆದುಕೊಳ್ಳುವುದು ಒಳ್ಳೆಯದು.