ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ದೂರ?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋ ಯಾವ ದಿಕ್ಕಿನಲ್ಲಿದೆಯೆಂದು ಕೇಳಿದರೆ, ಗೋಡೆಯ ನಕ್ಷೆಯನ್ನು ನೋಡಿ ಬೆಳೆದ ನಾವೆಲ್ಲರೂ ಆಗ್ನೇಯಕ್ಕೆ ಬೆರಳು ಮಾಡುವೆವು. ಆದರೆ ನಕ್ಷೆ ಚಪ್ಪಟೆ, ಭೂಮಿ ದುಂಡು. ಭೂಗೋಲದ ಮಾದರಿಯೊಂದನ್ನು ಮುಂದಿಟ್ಟುಕೊಂಡು ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರವು ಈಶಾನ್ಯಕ್ಕೆ ಹೊರಟು, ಉತ್ತರ ಧ್ರುವವೃತ್ತವನ್ನು ತುಸುವೇ ದಾಟಿ, ಸೈಬೀರಿಯದ ಮೇಲೆ ಬಾಗಿ ಜಪಾನಿಗೆ ಇಳಿಯುತ್ತದೆ. ಗಣಿತಶಾಸ್ತ್ರದಲ್ಲಿ ಇದಕ್ಕೆ ಮಹಾವೃತ್ತದ ಕಂಸವೆಂದು ಹೆಸರು. ಗೋಲದ ಮೇಲೆ ಇದಕ್ಕಿಂತ ಹತ್ತಿರದ ಹಾದಿಯಿಲ್ಲ. ಉದ್ದ ಸುಮಾರು 7,800 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರು ಹಾರುವ ಜೆಟ್ ವಿಮಾನಕ್ಕೆ, ಏರುವ ಇಳಿಯುವ ಹೊತ್ತೂ ಸೇರಿ, ಒಂಬತ್ತು ಒಂಬತ್ತೂವರೆ ಗಂಟೆಯ ಪಯಣ.

ಗಾಳಿಯಿಂದ ಈ ಲೆಕ್ಕ ಸ್ವಲ್ಪ ಹೆಚ್ಚು ಕಡಮೆಯಾಗುವುದುಂಟು. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ರಭಸದ ಗಾಳಿ ಬೀಸುತ್ತದೆ. 1920ರ ದಶಕದಲ್ಲಿ ಬೆಲೂನುಗಳನ್ನು ಹಾರಿಸಿ ಇದನ್ನು ಕಂಡುಕೊಂಡವರು ಜಪಾನಿನ ವಾಸಬುರೋ ಓಯಿಶಿ. ಲೋಕವೆಲ್ಲ ಓದಲೆಂದು ಅವರು ತಮ್ಮ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು, ಓದಿದವರು ವಿರಳ!

ಗಾಳಿಗಿಂತ ದೊಡ್ಡ ಅಡ್ಡಿ ಬೇರೊಂದಿದೆ. ದಾರಕ್ಕೆ ಗಡಿಯಿಲ್ಲ, ವಿಮಾನಕ್ಕೆ ಉಂಟು. 1944ರ ಷಿಕಾಗೋ ಒಪ್ಪಂದದಂತೆ ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದ ಮೇಲಿನ ಆಕಾಶಕ್ಕೆ ತಾನೇ ಒಡೆಯ. ನಾವು ಎಳೆದ ದಾರವಾದರೋ ಬಹುಪಾಲು ರಷ್ಯದ ಮೇಲೆಯೇ ಹಾಯುತ್ತದೆ.

ಸೋವಿಯತ್ ಆಡಳಿತದ ದಿನಗಳಲ್ಲಿ ಪಶ್ಚಿಮದ ವಿಮಾನಗಳಿಗೆ ಈ ಹಾದಿ ಸುಲಭವಾಗಿ ದೊರೆಯುತ್ತಿರಲಿಲ್ಲ. 1957ರಲ್ಲಿ ಸ್ಕ್ಯಾಂಡಿನೇವಿಯದ ಎಸ್.ಎ.ಎಸ್. ಸಂಸ್ಥೆಯು ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಕಡೆಯಿಂದ ಹೋಗಿ, ಅಲಾಸ್ಕದ ಆಂಕರೇಜಿನಲ್ಲಿ ಇಳಿದು, ಮತ್ತೆ ಟೋಕಿಯೋಗೆ ಹಾರುವ ಸಂಚಾರವನ್ನು ಪ್ರಾರಂಭಿಸಿತು. 1983ರಲ್ಲಿ ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆಯ ಡಿ.ಸಿ.-10 ವಿಮಾನಗಳು ಎಲ್ಲಿಯೂ ಇಳಿಯದೆ ಧ್ರುವವನ್ನು ಬಳಸಿಕೊಂಡು ಟೋಕಿಯೋ ಸೇರಿದವು. ಕಾಲ ಸುಮಾರು 13 ಗಂಟೆ.

ಮುಂದೆ ಸೈಬೀರಿಯದ ಹಾದಿ ತೆರೆಯಿತು. ಯೂರೋಪಿನ ಮೂಲೆಯಲ್ಲಿದ್ದ ಹೆಲ್ಸಿಂಕಿಗೆ ಅದರಿಂದ ಅದೃಷ್ಟವೇ ಖುಲಾಯಿಸಿತೆನ್ನಬೇಕು. ಏಷ್ಯಕ್ಕೆ ಹತ್ತಿರದ ಬಾಗಿಲು ತಾನೆಂದು ಹೇಳಿಕೊಂಡೇ ಆ ನಿಲ್ದಾಣ ಬೆಳೆಯಿತು. 2022ರ ಫೆಬ್ರುವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಯೂರೋಪಿನ ರಾಷ್ಟ್ರಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ರಷ್ಯವೂ ಹಾಗೆಯೇ ಮಾಡಿತು. ಊರುಗಳೆರಡೂ ಇದ್ದಲ್ಲೇ ಇದ್ದವು. ವಿಮಾನಗಳು 1983ರವುಗಳಿಗಿಂತ ಎಷ್ಟೋ ಉತ್ತಮವಾಗಿದ್ದವು. ಆದರೂ ಒಂಬತ್ತೂವರೆ ಗಂಟೆಯ ಪಯಣ ಮತ್ತೆ 13 ಗಂಟೆಗೆ ಏರಿತು; ಅದಕ್ಕೆ ತಕ್ಕಂತೆ ಇಂಧನದ ವೆಚ್ಚವೂ ಏರಿತು. ಧ್ರುವದ ಮೇಲೆ ಹಾದುಹೋದ ಪ್ರಯಾಣಿಕರಿಗೆ ಆ ವರ್ಷ ಫಿನ್‌ಏರ್ ಸಂಸ್ಥೆಯು ಒಂದೊಂದು ಪ್ರಮಾಣಪತ್ರವನ್ನು ಹಂಚಿತು.